ಹನ್ನೊಂದು ಡಿಗ್ರಿ ಚಳಿಗೆ ಮುನಿದ ಡೀಸೆಲ್ ಕಾರು: ಒಂದು ಪ್ರಕರಣ ಅಧ್ಯಯನ

ಕೊಡಗಿನ ಒಂದು ಸಣ್ಣ ಪಟ್ಟಣದಲ್ಲಿ ವಾಹನಗಳ ವಿದ್ಯುತ್ ಕೆಲಸದ ಗ್ಯಾರೇಜು ನನ್ನದು. ಹುತ್ತರಿ ಮುಗಿದು ಚಳಿ ಬೀಳತೊಡಗಿದರೆ ಸಾಕು, ‘ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ’ ಎಂಬ ಒಂದೇ ದೂರು ಹೊತ್ತು ಕಾರು, ಜೀಪುಗಳು ಬಾಗಿಲಿಗೆ ಬರುತ್ತವೆ. ಹೆಚ್ಚಿನವು ಬ್ಯಾಟರಿ ಬದಲಿಸಿದರೆ ಮುಗಿಯುವಂಥವು. ಇಲ್ಲಿ ಬರೆಯುತ್ತಿರುವ ಕಾರು ಹಾಗೆ ಮುಗಿಯಲಿಲ್ಲ. ಅದು ನಾಲ್ಕು ಕೈ ದಾಟಿ ನನ್ನ ಬಳಿ ಬಂತು, ನಾನೂ ಮೊದಲ ದಿನ ಎಡವಿದೆ. ಮಾಲೀಕರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಕಾರಿನ ಕಂಪನಿ ಯಾವುದನ್ನೂ ಹೇಳಿಲ್ಲ. ಅಳತೆಗಳು ನನ್ನ ಕೆಲಸದ ಪುಸ್ತಕದಲ್ಲಿ ಇದ್ದಂತೆಯೇ ಇವೆ.

ಹಿನ್ನೆಲೆ

ಮಾಲೀಕರು ನಿವೃತ್ತ ಶಿಕ್ಷಕರು, ಊರಿಗೆಲ್ಲ ಮೇಷ್ಟ್ರು. ನಾಲ್ಕು ಎಕರೆ ಕಾಫಿ ತೋಟದ ನಡುವೆ ಮನೆ, ಮಕ್ಕಳು ದೂರದ ಊರಿನಲ್ಲಿ. ಅವರ ಪತ್ನಿಗೆ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್. ಮೊದಲ ಪಾಳಿಗೆ ಸೇರಬೇಕಾದರೆ ಬೆಳಿಗ್ಗೆ ಐದೂವರೆಗೆ ಮನೆ ಬಿಡಬೇಕು. ಆ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿಲ್ಲ. ಕಾರು ಸ್ಟಾರ್ಟ್ ಆಗದಿದ್ದರೆ ಆ ಮನೆಯಲ್ಲಿ ತಪ್ಪುವುದು ಮದುವೆ, ಗೃಹಪ್ರವೇಶಗಳಂಥದ್ದಲ್ಲ ಎಂಬುದು ಈ ಪ್ರಕರಣದುದ್ದಕ್ಕೂ ನನ್ನ ತಲೆಯಲ್ಲಿತ್ತು.

ಕಾರು ಹನ್ನೊಂದು ವರ್ಷ ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕ್, 1.3 ಲೀಟರಿನ ಕಾಮನ್ ರೈಲ್ ಇಂಜಿನ್, ಅಂದರೆ ಪಂಪು ಒತ್ತಿದ ಡೀಸೆಲ್ ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೂ ಹೋಗುವಂಥದ್ದು. ಅದನ್ನು ನಿಲ್ಲಿಸುತ್ತಿದ್ದುದು ಮನೆಯ ಹಿಂದಿನ ಶೆಡ್ಡಿನಲ್ಲಿ. ಶೆಡ್ಡಿನ ಇನ್ನೊಂದು ಮಗ್ಗುಲಲ್ಲಿ ಗೊಬ್ಬರದ ಮೂಟೆಗಳು, ಅವುಗಳಲ್ಲಿ ಪೊಟ್ಯಾಷ್ ಹೆಚ್ಚು. ಈ ಮಾತು ಮುಂದೆ ಬೇಕಾಗುತ್ತದೆ.

ಸಮಸ್ಯೆ

ಡಿಸೆಂಬರ್ ಮೊದಲ ವಾರದ ಒಂದು ಶುಕ್ರವಾರ ಬೆಳಿಗ್ಗೆ, ಇಂಜಿನ್ ತಿರುಗಿಸುವ ಸೆಲ್ಫ್ ಮೋಟಾರ್ ಎಳೆದೆಳೆದು ತಿರುಗಿ ನಿಂತಿತು. ಐದಾರು ಸಲ ಪ್ರಯತ್ನಿಸಿದ ಮೇಲೆ ಹೊಗೆಯುಗುಳುತ್ತ ಎದ್ದಿತು. ಮಧ್ಯಾಹ್ನ ಆಸ್ಪತ್ರೆಯ ಅಂಗಳದಲ್ಲಿ ಅದೇ ಕಾರು ಕೀ ತಿರುಗಿಸುತ್ತಿದ್ದಂತೆ ಸ್ಟಾರ್ಟ್ ಆಯಿತು. ಮುಂದಿನ ಮಂಗಳವಾರ ಏಳಲೇ ಇಲ್ಲ. ಬೆಳಿಗ್ಗೆ ಸತ್ತಂತಿದ್ದು ಬಿಸಿಲೇರಿದ ಮೇಲೆ ಏನೂ ಆಗದಂತೆ ಓಡುವ ಗಾಡಿಯನ್ನು ಕಂಡವರೆಲ್ಲ ಚಳಿಯನ್ನೇ ದೂರುತ್ತಾರೆ. ಮೇಷ್ಟ್ರೂ ಹಾಗೇ ಅಂದುಕೊಂಡರು.

ನನಗೆ ಬಂದ ಮೊದಲ ಅನುಮಾನ ಇಲ್ಲಿಯೇ. ನಮ್ಮ ಕಡೆ ಆ ದಿನಗಳಲ್ಲಿ ಬೆಳಗಿನ ಉಷ್ಣತೆ 10ರಿಂದ 12 ಡಿಗ್ರಿ. ಆರೋಗ್ಯವಾಗಿರುವ ಕಾಮನ್ ರೈಲ್ ಡೀಸೆಲ್ ಇಂಜಿನ್ ಈ ಚಳಿಗೆ ಮಲಗುವಂಥದ್ದಲ್ಲ. ಸ್ಟಾರ್ಟಿಗೆ ಮೊದಲು ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಕೆಲಸ ಮಾಡದಿದ್ದರೂ ಸ್ವಲ್ಪ ಕೆಮ್ಮಿ, ಹೊಗೆ ಬಿಟ್ಟು ಎದ್ದುಬಿಡುತ್ತದೆ. ಹಾಗಾದರೆ ಆಗಲೇ ಬಲಹೀನವಾಗಿದ್ದ ಯಾವುದೋ ಒಂದನ್ನು ಚಳಿ ಎತ್ತಿ ತೋರಿಸುತ್ತಿದೆ ಎಂದೇ ಅರ್ಥ. ಆದರೆ ನನ್ನ ಬಳಿ ಬರುವ ಮೊದಲೇ ಮೂರು ವಾರ ಕಳೆದಿತ್ತು.

ನನಗಿಂತ ಮೊದಲು ಮಾಡಿದ್ದು

ಮೊದಲು ಬ್ಯಾಟರಿ. ಮೂರೂವರೆ ವರ್ಷ ಹಳೆಯದು, ಅಂಗಡಿಯವರು ಲೋಡ್ ಹಾಕಿ ನೋಡಿದಾಗ ಸೋತಿತ್ತು. ಬದಲಿಸಿದ್ದು ಸರಿಯೇ. ಹೊಸ ಬ್ಯಾಟರಿ ಕೂತ ಮೇಲೆ ಆರು ದಿನ ಕಾರು ಚೆನ್ನಾಗಿ ಎದ್ದಿತು. ಈ ಆರು ದಿನಗಳೇ ಎಲ್ಲರನ್ನೂ ದಾರಿ ತಪ್ಪಿಸಿದವು. ‘ಬ್ಯಾಟರಿ ವಿಷಯ ಮುಗಿಯಿತು’ ಎಂದು ಎಲ್ಲರೂ ಆ ಕಡೆ ನೋಡುವುದನ್ನೇ ಬಿಟ್ಟರು. ಬ್ಯಾಟರಿಯ ಜೊತೆಗೆ ಅದರ ತಂತಿಗಳನ್ನೂ ಮರೆತರು.

ಏಳನೆಯ ದಿನ ಚಳಿ ಇನ್ನಷ್ಟು ಬಿತ್ತು, ದೂರು ಮರಳಿತು. ಊರಿನ ಮೆಕ್ಯಾನಿಕ್ ಹೀಟರ್ ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕರಲ್ಲಿ ಎರಡು ನಿಜವಾಗಿಯೂ ಸುಟ್ಟಿದ್ದವು. ನಾಲ್ಕನ್ನೂ ಬದಲಿಸಿದರು, ಡೀಸೆಲ್ ಫಿಲ್ಟರನ್ನೂ ಹೊಸದು ಹಾಕಿದರು. ಎರಡು ದಿನ ಪರವಾಗಿಲ್ಲ ಅನ್ನಿಸಿತು, ಮತ್ತೆ ಅದೇ ಕತೆ. ಸೆಲ್ಫ್ ಮೋಟಾರ್ ಇಳಿಸಿ ಕಾರ್ಬನ್ ಬ್ರಷ್ ಬದಲಿಸಿದ್ದೂ ಆಯಿತು.

ನಡುವೆ ಒಂದು ದಿನ ಪಕ್ಕದ ತೋಟದ ಚಾಲಕನೊಬ್ಬ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಫಿಲ್ಟರಿನ ಬಾಯಿಗೆ ಹಿಡಿದ. ಇಂಜಿನ್ ಕಲ್ಲು ಕುಟ್ಟಿದಂತೆ ಸದ್ದು ಮಾಡಿ ಎದ್ದಿತು. ಇದನ್ನು ಯಾರೂ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಹೀಟರ್ ಪ್ಲಗ್ ಕೆಂಪಗೆ ಕಾದಿರುವ ಇಂಜಿನ್ನಿಗೆ ಪೆಟ್ರೋಲಿನ ಆವಿ ಅಥವಾ ಸ್ಟಾರ್ಟಿಂಗ್ ಸ್ಪ್ರೇ ಹೋದರೆ ಅದು ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಒಡೆಯಬಹುದು, ಬೆಂಕಿ ಹಿಂದಕ್ಕೆ ಚಿಮ್ಮಿ ಹಿಡಿದವನ ಕೈ ಸುಡಬಹುದು.

ಡೀಸೆಲ್ ಹೆಪ್ಪುಗಟ್ಟುತ್ತಿದೆ ಎಂದು ಹೇಳಿದವರೂ ಇದ್ದರು. ಮೇಷ್ಟ್ರ ನೆಂಟರೊಬ್ಬರು ಸೇನೆಯಲ್ಲಿದ್ದವರು, ಲಡಾಖಿನಲ್ಲಿ ವಾಹನ ಓಡಿಸಿದವರು. ಅಲ್ಲಿ ಅದು ದಿಟವಾದ ತೊಂದರೆ. ಡೀಸೆಲಿನಲ್ಲಿರುವ ಮೇಣದ ಅಂಶ ಚಳಿಗೆ ಗಟ್ಟಿಯಾಗಿ ಫಿಲ್ಟರಿಗೆ ಅಡರಿಕೊಳ್ಳುತ್ತದೆ. ಅದಕ್ಕೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಲಡಾಖಿಗೆ ಕೊಟ್ಟಿತು. ನಮ್ಮಲ್ಲಿ ಹಾಗಾಗುತ್ತಿದೆಯೇ ಎಂದು ತಿಳಿಯಲು ಮೇಷ್ಟ್ರು ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಒಂದು ಗಾಜಿನ ಬಾಟಲಿಯಲ್ಲಿ ಟ್ಯಾಂಕಿನ ಡೀಸೆಲ್ ತುಂಬಿ ರಾತ್ರಿಯಿಡೀ ಅಂಗಳದ ತುಳಸಿಕಟ್ಟೆಯ ಮೇಲೆ ಇಟ್ಟರು. ಬೆಳಿಗ್ಗೆ ಐದಕ್ಕೆ ಟಾರ್ಚ್ ಹಿಡಿದು ನೋಡಿದರೆ ಡೀಸೆಲ್ ಮಸುಕಿಲ್ಲದೆ ತಿಳಿಯಾಗಿತ್ತು. ಕೆಲವರು ಸೂಚಿಸಿದಂತೆ ಸೀಮೆಎಣ್ಣೆ ಬೆರೆಸುವ ತಪ್ಪು ಅದರಿಂದ ತಪ್ಪಿತು.

ಕೊನೆಗೆ ನಗರದ ಒಂದು ದೊಡ್ಡ ಕಾರ್ಯಾಗಾರ. ಕಾರು ಎರಡು ರಾತ್ರಿ ಅಲ್ಲಿ ಒಳಗಡೆ ನಿಂತಿತ್ತು, ಬೆಳಿಗ್ಗೆ ಹತ್ತಕ್ಕೆ ಕೀ ಹಾಕಿದಾಗಲೆಲ್ಲ ಎದ್ದಿತು. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದಾಗ ಒಂದು ಹಳೆಯ ದಾಖಲೆ ಸಿಕ್ಕಿತು: ಸ್ಟಾರ್ಟ್ ಮಾಡುವಾಗ ರೈಲಿನಲ್ಲಿ ಡೀಸೆಲ್ ಒತ್ತಡ ಕಡಿಮೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಮತ್ತು ಒತ್ತಡದ ಪಂಪನ್ನು ಬಿಚ್ಚಿಸಬೇಕು ಎಂಬ ಸಲಹೆಯೊಂದಿಗೆ ಮೇಷ್ಟ್ರಿಗೆ ತೀರಾ ಭಾರವಾದ ಒಂದು ಅಂದಾಜು ಪಟ್ಟಿ ಕೈಗೆ ಬಂತು. ಊರಿಗೆ ಮರಳಿದಾಗ ಒಬ್ಬರು ಸಮಾಧಾನ ಹೇಳಿದರಂತೆ: ‘ಶಿವರಾತ್ರಿಯವರೆಗೆ ತಡೆದುಕೊಳ್ಳಿ ಮೇಷ್ಟ್ರೇ, ಚಳಿ ಶಿವಶಿವ ಎಂದು ಹೋಗುತ್ತದೆ, ಕಾರೂ ಸರಿಯಾಗುತ್ತದೆ.’ ಶಿವರಾತ್ರಿಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲಿ ಹದಿನಾರಕ್ಕೂ ಹೆಚ್ಚು ಡಯಾಲಿಸಿಸ್‌ಗಳು.

ನಾನು ತಪ್ಪಿದ್ದು

ಡಿಸೆಂಬರ್ ಕೊನೆಯ ಶನಿವಾರ ಮಧ್ಯಾಹ್ನ ಕಾರು ನನ್ನ ಬಳಿ ಬಂತು. ಬ್ಯಾಟರಿ 12.6 ವೋಲ್ಟ್, ಅಂದರೆ ಪೂರ್ತಿ ತುಂಬಿದೆ. ಇಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ 13.7. ಡೈನಮೋ ಚಾರ್ಜ್ ಮಾಡುತ್ತಿದೆ ಎಂದು ಬರೆದುಕೊಂಡೆ. ಆಮೇಲೆ ಅರ್ಥಿಂಗ್, ಅಂದರೆ ಕರೆಂಟು ಇಂಜಿನ್ನಿನ ಲೋಹದಿಂದ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ, ನೋಡೋಣ ಎಂದು ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಬ್ಯಾಟರಿಯ ನೆಗೆಟಿವ್ ತುದಿಗೂ ಗೇರ್ ಬಾಕ್ಸಿಗೂ ತಾಗಿಸಿದೆ. ‘ಬೀಪ್’ ಎಂದಿತು. ಅರ್ಥ್ ಸರಿ ಎಂದು ಗೀಟು ಹಾಕಿದೆ. ನನ್ನ ತಪ್ಪು ಆ ಗೀಟು.

ಮೀಟರಿನ ಆ ಸದ್ದು ಹೇಳುವುದು ಇಷ್ಟೇ: ಎಲ್ಲೋ ಒಂದು ಎಳೆಯಾದರೂ ಕೂಡಿಕೊಂಡಿದೆ. ಹತ್ತಾರು ಓಮ್ ತಡೆಯಿದ್ದರೂ ಅದು ಕೂಗುತ್ತದೆ. ಸೆಲ್ಫ್ ಮೋಟಾರ್ ಎಳೆಯುವುದು ನೂರೈವತ್ತು, ಇನ್ನೂರು ಆಂಪಿಯರ್. ಅಲ್ಲಿ ಓಮಿನ ನೂರನೆಯ ಒಂದು ಭಾಗ ತಡೆ ಬಂದರೂ ಎರಡು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಹಗ್ಗದ ಒಂದು ಎಳೆ ಉಳಿದಿದ್ದರೂ ಹಗ್ಗ ಇದೆ ಎನ್ನಬಹುದು, ಆದರೆ ಅದರಿಂದ ಬಾವಿಯ ಕೊಡ ಎತ್ತಲಾಗದು. ಭಾರ ಹೊರಿಸದೆ ನೋಡಿದ್ದರಿಂದ ನನಗೆ ಒಂದು ದಿನ ನಷ್ಟವಾಯಿತು.

ತಿರುವು

ಸಂಜೆ ಮೇಷ್ಟ್ರೂ ಅವರ ಪತ್ನಿಯೂ ಕಾರು ಒಯ್ಯಲು ಬಂದರು. ಅಮ್ಮ ಶಾಲು ಹೊದ್ದು ಮುಂದಿನ ಸೀಟಿನಲ್ಲಿ ಕೂತಿದ್ದರು. ಮೇಷ್ಟ್ರನ್ನು ಏನೇನು ಬದಲಿಸಿದ್ದೀರಿ ಎಂದು ಕೇಳಿ ಪಟ್ಟಿ ಮಾಡಿಕೊಂಡಿದ್ದೆ. ಆ ಬೆಳಗುಗಳಲ್ಲಿ ಏನೇನು ನಡೆಯಿತು ಎಂದು ಕೇಳಿರಲಿಲ್ಲ. ಆಗ ಕೇಳಿದೆ. ಉತ್ತರ ಬಂದದ್ದು ಅಮ್ಮನಿಂದ. ಪ್ರತಿ ಸಲವೂ ಕಾರು ಏಳುವುದನ್ನೇ ಕಾಯುತ್ತ ಒಳಗೆ ಕೂತಿದ್ದವರು ಅವರು.

‘ನೋಡಪ್ಪ, ಎರಡು ಸಲ ಬೇರೆ ಗಾಡಿಯಿಂದ ವಯರು ಕೊಟ್ಟರು. ಮೊದಲನೆಯ ಸಲ ಪಿಕಪ್‌ನವನು ಎರಡು ವಯರನ್ನೂ ಬ್ಯಾಟರಿಗೇ ಕಚ್ಚಿಸಿದ. ಏನೂ ಆಗಲಿಲ್ಲ. ಎರಡನೆಯ ಸಲ ತೋಟದ ಜೀಪಿನ ಹುಡುಗ ಕಪ್ಪು ವಯರನ್ನು ಒಳಗಿನ ಯಾವುದೋ ಕಬ್ಬಿಣಕ್ಕೆ ಹಾಕಿದ. ಆ ದಿನ ಒಂದೇ ಸಲಕ್ಕೆ ಎದ್ದಿತು. ಜೀಪಿನ ಬ್ಯಾಟರಿ ದೊಡ್ಡದು, ಅದಕ್ಕೇ ಎದ್ದಿತು ಎಂದರು.’

ಇನ್ನೂ ಒಂದು ಹೇಳಿದರು. ಸೆಲ್ಫ್ ಅಷ್ಟು ಕಷ್ಟಪಟ್ಟು ತಿರುಗುವಾಗಲೂ ಒಳಗಿನ ದೀಪ ಮಂಕಾಗುತ್ತಿರಲಿಲ್ಲ. ಆ ಬೆಳಕಿನಲ್ಲಿ ಅವರು ಆಸ್ಪತ್ರೆಯ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರಂತೆ.

ಈ ಎರಡು ಮಾತುಗಳಲ್ಲಿ ರೋಗ ಇದ್ದ ಜಾಗ ಇತ್ತು. ಬ್ಯಾಟರಿ ಸೋತಿದ್ದರೆ ಸೆಲ್ಫ್ ಹೊಡೆಯುವಾಗ ದೀಪವೂ ಕುಗ್ಗಬೇಕು. ದೀಪ ಕುಗ್ಗಲಿಲ್ಲ, ಸೆಲ್ಫ್ ಮಾತ್ರ ಕುಗ್ಗಿತು. ಅಂದರೆ ಬ್ಯಾಟರಿಯಲ್ಲಿ ಶಕ್ತಿಯಿದೆ, ಅದು ಸೆಲ್ಫ್‌ಗೆ ತಲುಪುತ್ತಿಲ್ಲ. ಪಿಕಪ್‌ನವನು ಕಪ್ಪು ವಯರನ್ನು ಬ್ಯಾಟರಿಯ ನೆಗೆಟಿವ್‌ಗೆ ಹಾಕಿದಾಗ ಹೊರಗಿನ ಕರೆಂಟೂ ಅದೇ ಕೆಟ್ಟ ದಾರಿಯಲ್ಲೇ ಹೋಗಬೇಕಾಯಿತು. ಜೀಪಿನ ಹುಡುಗ ನೇರವಾಗಿ ಇಂಜಿನ್ನಿನ ಲೋಹಕ್ಕೆ ಕಚ್ಚಿಸಿ, ತನಗೇ ಅರಿವಿಲ್ಲದೆ, ಹೊಸ ದಾರಿ ಮಾಡಿಕೊಟ್ಟಿದ್ದ. ಇನ್ನೊಂದು ಸಂಗತಿ ಮೇಷ್ಟ್ರ ನೆನಪಿಗೆ ಬಂತು: ಅಂಗಳದ ಇಳಿಜಾರಿನಲ್ಲಿ ಕಾರನ್ನು ಉರುಳಿಸಿ ಎರಡನೆಯ ಗೇರಿಗೆ ಹಾಕಿದಾಗಲೆಲ್ಲ ತಕ್ಷಣ ಎದ್ದಿತ್ತು. ಇಂಜೆಕ್ಟರೋ ಪಂಪೋ ಪೂರ್ತಿ ಕೆಟ್ಟಿದ್ದರೆ ಅದು ಸಾಧ್ಯವಿರಲಿಲ್ಲ.

‘ಗೇರ್ ಕೂಡ ಇತ್ತೀಚೆಗೆ ಬಿಗಿ,’ ಎಂದು ಮೇಷ್ಟ್ರು ಸೇರಿಸಿದರು. ಅದನ್ನೂ ಬರೆದುಕೊಂಡೆ, ಆಗ ಅರ್ಥವಾಗಲಿಲ್ಲ.

ಸೋಮವಾರ ಬೆಳಗಿನ ಐದು ಗಂಟೆ

ಮಧ್ಯಾಹ್ನ ಪರೀಕ್ಷಿಸಿ ಬೆಳಗಿನ ರೋಗ ಹಿಡಿಯಲಾಗದು. ಭಾನುವಾರ ರಾತ್ರಿ ಕಾರು ಅವರ ಶೆಡ್ಡಿನಲ್ಲೇ ಇರಲಿ, ಬೆಳಿಗ್ಗೆ ಯಾರೂ ಕೀ ಮುಟ್ಟಬೇಡಿ ಎಂದು ಹೇಳಿ, ಸೋಮವಾರ ನಾನೇ ಅಲ್ಲಿಗೆ ಹೋದೆ. ಥರ್ಮಾಮೀಟರ್ 11 ಡಿಗ್ರಿ ತೋರಿಸಿತು. ಬಾನೆಟ್ಟಿನ ಮೇಲೆ ಇಬ್ಬನಿ.

ಅಳತೆಗಳನ್ನು ಸೆಲ್ಫ್ ಹೊಡೆಯುತ್ತಿರುವಾಗಲೇ ತೆಗೆದುಕೊಂಡೆವು. ಮೇಷ್ಟ್ರು ಕೀ ತಿರುಗಿಸುವುದು, ನಾನು ಮೀಟರ್ ಹಿಡಿಯುವುದು. ಪ್ರತಿ ಸಲ ಐದು ಸೆಕೆಂಡಿಗಿಂತ ಹೆಚ್ಚಿಲ್ಲ, ನಡುವೆ ಒಂದು ನಿಮಿಷ ವಿರಾಮ.

ಬ್ಯಾಟರಿಯ ತುದಿಗಳಲ್ಲಿ 11.2 ವೋಲ್ಟ್. ಇಷ್ಟು ಚಿಕ್ಕ ಡೀಸೆಲ್ ಇಂಜಿನ್ ಚಳಿಯಲ್ಲಿ ತಿರುಗುವಾಗ 10, 10.5ರ ಆಸುಪಾಸು ಕಾಣುವುದು ವಾಡಿಕೆ, 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಅನುಮಾನ. 11.2 ಇರುವುದು ಒಳ್ಳೆಯ ಸುದ್ದಿಯಂತೆ ಕಾಣುತ್ತದೆ. ಇಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅದು ಕೆಟ್ಟ ಸುದ್ದಿ, ಬ್ಯಾಟರಿ ಕೊಡಲು ಸಿದ್ಧವಿದೆ, ಯಾರೋ ನಡುವೆ ತಡೆಯುತ್ತಿದ್ದಾರೆ. ಬ್ಯಾಟರಿಯ ಪಾಸಿಟಿವ್‌ನಿಂದ ಸೆಲ್ಫ್ ಮೋಟಾರಿನವರೆಗೆ 0.3 ವೋಲ್ಟ್ ನಷ್ಟ, ಪರವಾಗಿಲ್ಲ. ನೆಗೆಟಿವ್‌ನಿಂದ ಇಂಜಿನ್ ಬ್ಲಾಕಿಗೆ 1.9 ವೋಲ್ಟ್. ಅಲ್ಲಿ ಅರ್ಧ ವೋಲ್ಟ್ ದಾಟಿದರೂ ನಾನು ಒಪ್ಪುವುದಿಲ್ಲ.

ಆ ದಾರಿಯನ್ನು ಎರಡು ತುಂಡು ಮಾಡಿ ಅಳೆದೆ. ನೆಗೆಟಿವ್‌ನಿಂದ ಕಾರಿನ ಬಾಡಿಗೆ 0.1. ಬಾಡಿಯಿಂದ ಗೇರ್ ಬಾಕ್ಸಿಗೆ 1.8. ಇವೆರಡರ ನಡುವೆ ಇರುವುದು ಒಂದೇ ಒಂದು ವಸ್ತು, ಜಡೆಯಂತೆ ಹೆಣೆದ ತಾಮ್ರದ ಅರ್ಥ್ ಪಟ್ಟಿ.

ಬಿಚ್ಚುವ ಮೊದಲು ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಂಜಿನ್ ಎತ್ತುವ ಕೊಕ್ಕೆಗೂ ಕಚ್ಚಿಸಿ, ‘ಮೇಷ್ಟ್ರೇ, ಈಗ ಹೊಡೆಯಿರಿ’ ಎಂದೆ. ಎರಡು ಸೆಕೆಂಡು ತುಂಬುವ ಮೊದಲು ಇಂಜಿನ್ ಎದ್ದಿತು. ಮೇಷ್ಟ್ರು ಕೀ ಬಿಡುವುದನ್ನೇ ಮರೆತರು.

ಸ್ಕ್ಯಾನರಿನ ಪರದೆಯಲ್ಲಿ ಇನ್ನೊಂದು ಗಂಟೂ ಬಿಚ್ಚಿಕೊಂಡಿತು. ಹಳೆಯ ಅರ್ಥ್ ಪಟ್ಟಿಯೊಂದೇ ಇದ್ದಾಗ ಇಂಜಿನ್ ನಿಮಿಷಕ್ಕೆ 120 ಸುತ್ತು ತಿರುಗುತ್ತಿತ್ತು, ಜಂಪರ್ ಹಾಕಿದಾಗ 205. ಡೀಸೆಲ್ ಒತ್ತಡದ ಪಂಪನ್ನು ತಿರುಗಿಸುವುದೂ ಇಂಜಿನ್ನೇ. ಇಂಜಿನ್ ನಿಧಾನವಾದರೆ ಪಂಪೂ ನಿಧಾನ, ರೈಲಿನಲ್ಲಿ ಒತ್ತಡ ಏರದು. ಒತ್ತಡ ಗೊತ್ತಾದ ಮಟ್ಟ ಮುಟ್ಟುವವರೆಗೆ ಕಂಪ್ಯೂಟರ್ ಇಂಜೆಕ್ಟರ್ ತೆರೆಯುವುದಿಲ್ಲ. ನಿಧಾನ ತಿರುಗಿದಾಗ ಸಿಲಿಂಡರಿನಲ್ಲಿ ಅಮುಕಿದ ಗಾಳಿಯ ಬಿಸಿಯೂ ತಣ್ಣನೆಯ ಗೋಡೆಗಳಿಗೆ ಹೋಗಿಬಿಡುತ್ತದೆ. ದೊಡ್ಡ ಕಾರ್ಯಾಗಾರದ ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ, ಒತ್ತಡ ಕಡಿಮೆಯೇ ಇತ್ತು. ಕಡಿಮೆಯಾದದ್ದು ಏಕೆ ಎಂದು ಒಂದು ಹೆಜ್ಜೆ ಹಿಂದೆ ಹೋಗಿ ಯಾರೂ ಕೇಳಿರಲಿಲ್ಲ.

ಪಟ್ಟಿ

ಅರ್ಥ್ ಪಟ್ಟಿ ಬ್ಯಾಟರಿಯ ತಟ್ಟೆಯ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿತ್ತು. ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡೆ. ಮೇಲುನೋಟಕ್ಕೆ ಇಡಿಯಾಗಿತ್ತು. ಗೇರ್ ಬಾಕ್ಸಿನ ಕಡೆಯ ಲಗ್ಗಿನ (ಬೋಲ್ಟಿಗೆ ಕೂರುವ ಲೋಹದ ತುದಿಯ) ಬುಡದಲ್ಲಿ ಮಾತ್ರ ಹಸಿರು ಮಿಶ್ರಿತ ಬಿಳಿಯ ಪುಡಿ. ಮೆಲ್ಲಗೆ ಬಗ್ಗಿಸಿದೆ. ಎಳೆಗಳು ಒಣಹುಲ್ಲಿನಂತೆ ಲಟಲಟನೆ ಮುರಿದು, ಕಪ್ಪು ಹುಡಿ ಕೈಗೆ ಮೆತ್ತಿತು. ಬಣ್ಣ ಕೆಡದ ತಾಮ್ರ ಉಳಿದದ್ದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ.

ನಮ್ಮ ಮಳೆಗಾಲದ ತೇವ ಸಾಲದೆಂಬಂತೆ ಪಕ್ಕದಲ್ಲೇ ಗೊಬ್ಬರದ ಮೂಟೆಗಳು. ಪೊಟ್ಯಾಷ್ ಎಂದು ನಾವು ಚೆಲ್ಲುವುದು ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿಯದೇ. ಗಾಳಿಯ ತೇವ ಹೀರಿ ಲೋಹ ತಿನ್ನುತ್ತದೆ. ವರ್ಷಗಟ್ಟಲೆ ಅದರ ಹುಡಿ ಕೂತು ಪಟ್ಟಿ ಹೀಗಾಗಿರಬೇಕು ಎಂಬುದು ನನ್ನ ಅಂದಾಜು.

ದಪ್ಪ ತಾಮ್ರದ ಕೇಬಲಿಗೆ ಎರಡೂ ತುದಿಯಲ್ಲಿ ಲಗ್ಗು ಒತ್ತಿಸಿ, ಕೂರುವ ಜಾಗವನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಖರ್ಚು ಕೆಲವು ನೂರು ರೂಪಾಯಿ. ಮಂಗಳವಾರ ಬೆಳಿಗ್ಗೆ ಕಾರು ಹೊತ್ತಿಗೆ ಸರಿಯಾಗಿ ಹೊರಟಿತು. ಬಾಡಿ ಮತ್ತು ಗೇರ್ ಬಾಕ್ಸಿನ ನಡುವಿನ ನಷ್ಟ 0.1ಕ್ಕೆ ಇಳಿದಿತ್ತು. ಚಾರ್ಜಿಂಗ್ ಕೂಡ 13.7ರಿಂದ 14.2ಕ್ಕೆ ಏರಿತು, ಏಕೆಂದರೆ ಡೈನಮೋದ ಕರೆಂಟೂ ಅದೇ ಪಟ್ಟಿಯ ಮೂಲಕ ಮರಳಬೇಕು. ಹಳೆಯ ಬ್ಯಾಟರಿ ಸೋತದ್ದರಲ್ಲೂ ಇದರ ಕೈವಾಡ ಇದ್ದಿರಬಹುದು.

ಇಂಜಿನ್ ಆಯಿಲಿನ ಬಗ್ಗೆಯೂ ನನಗೆ ಅನುಮಾನವಿತ್ತು. ಸೆಪ್ಟೆಂಬರಿನಲ್ಲಿ ಯಾರೋ ‘ಹಳೆಯ ಇಂಜಿನ್ನಿಗೆ ದಪ್ಪ ಆಯಿಲ್ ಒಳ್ಳೆಯದು’ ಎಂದು 20ಡಬ್ಲ್ಯೂ-50 ತುಂಬಿದ್ದರು. ಚಳಿಯಲ್ಲಿ ಅದು ಇಂಜಿನ್ನನ್ನು ಹಿಡಿದು ನಿಲ್ಲಿಸುತ್ತದೆ. ಆದರೂ ಅದನ್ನು ಅದೇ ದಿನ ಬದಲಿಸಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದ್ದರೆ ಯಾವುದರ ಪಾಲು ಎಷ್ಟು ಎಂದು ತಿಳಿಯುತ್ತಿರಲಿಲ್ಲ. ಮೂರು ಬೆಳಗು ನೋಡಿ, ನಾಲ್ಕನೆಯ ದಿನ ಕಾರಿನ ಕೈಪಿಡಿಯಲ್ಲಿ ಹೇಳಿದ ತೆಳು ಆಯಿಲ್ 5ಡಬ್ಲ್ಯೂ-30 ಹಾಕಿದೆ. 205 ಸುತ್ತು 230ಕ್ಕೆ ಏರಿತು. ದೊಡ್ಡ ಪಾಲು ಪಟ್ಟಿಯದು, ಸಣ್ಣ ಪಾಲು ಆಯಿಲಿನದು.

ಈ ಪ್ರಕರಣದಿಂದ ಹೊರಟದ್ದು

ಬದಲಿಸಿದ ಯಾವ ಭಾಗವೂ ಪೂರ್ತಿ ವ್ಯರ್ಥವಲ್ಲ. ಬ್ಯಾಟರಿ ಹಳೆಯದೇ ಇತ್ತು, ಎರಡು ಹೀಟರ್ ಪ್ಲಗ್ ಸುಟ್ಟೇ ಇದ್ದವು. ಕಷ್ಟ ಇರುವುದು ಅಲ್ಲಿಯೇ. ಹಳೆಯ ಗಾಡಿಯಲ್ಲಿ ಹುಡುಕಿದರೆ ಒಂದಲ್ಲ ಒಂದು ದೋಷ ಸಿಗುತ್ತದೆ, ಸಿಕ್ಕ ಮೊದಲನೆಯದನ್ನೇ ಕಾರಣವೆಂದು ಒಪ್ಪಿಕೊಂಡರೆ ನಿಜವಾದದ್ದು ಒಳಗೇ ಉಳಿಯುತ್ತದೆ. ಇಲ್ಲಿ ಪ್ರತಿ ರಿಪೇರಿಯೂ ಎರಡು ದಿನ, ಆರು ದಿನ ಸುಖ ಕೊಟ್ಟು ಮತ್ತಷ್ಟು ಮರೆಮಾಚಿತು.

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಬೆಳಿಗ್ಗೆ ಕಾರು ಏಳದಿದ್ದರೆ ಮೊದಲು ಕಿವಿಗೊಡಿ. ಸೆಲ್ಫ್ ಎಂದಿನ ವೇಗದಲ್ಲೇ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಡೀಸೆಲ್, ಗಾಳಿ ಸೇರಿದ ಪೈಪು, ಹೀಟರ್ ಪ್ಲಗ್‌ಗಳ ಕಡೆ ನೋಡಬೇಕು. ಎಳೆದೆಳೆದು ತಿರುಗಿದರೆ ಒಳಗಿನ ದೀಪ ಹಾಕಿಕೊಂಡು ಇನ್ನೊಮ್ಮೆ ಹೊಡೆಯಿರಿ. ದೀಪವೂ ಮಂಕಾದರೆ ಬ್ಯಾಟರಿಯನ್ನು, ದೀಪ ಹಾಗೇ ಉಳಿದರೆ ತಂತಿ, ಅರ್ಥ್, ಸೆಲ್ಫ್ ಮೋಟಾರುಗಳನ್ನು ಮೊದಲು ನೋಡಿಸಿ. ಬೇರೆ ಗಾಡಿಯಿಂದ ಕರೆಂಟ್ ಪಡೆಯುವಾಗ ಕಪ್ಪು ವಯರಿನ ಕೊನೆಯ ತುದಿಯನ್ನು ನಿಮ್ಮ ಬ್ಯಾಟರಿಗೆ ಹಾಕದೆ, ಅದರಿಂದ ದೂರದ ಇಂಜಿನ್ ಲೋಹಕ್ಕೇ ಹಾಕಿ. ಬ್ಯಾಟರಿಯ ಅನಿಲಕ್ಕೆ ಕಿಡಿ ತಾಗದಿರಲಿ ಎಂದು ಇರುವ ನಿಯಮ ಅದು. ಈ ಕಾರಿಗೆ ಅದೇ ನಿಯಮ ರೋಗದ ಗುರುತನ್ನೂ ಕೊಟ್ಟಿತು.

ನನ್ನ ಗ್ಯಾರೇಜಿನಲ್ಲಿ ಈಗ ಕೆಲಸದ ಚೀಟಿಯ ಮೊದಲ ಸಾಲು ಬದಲಾಗಿದೆ. ‘ಏನು ಬದಲಿಸಿದ್ದೀರಿ’ ಎಂಬುದಕ್ಕಿಂತ ಮೇಲೆ ‘ಆ ಹೊತ್ತಿನಲ್ಲಿ ಕಾರಿನೊಳಗೆ ಯಾರಿದ್ದರು, ಅವರು ಏನು ಕಂಡರು’ ಎಂದು ಕೇಳುತ್ತೇವೆ. ಅರ್ಥ್ ಪರೀಕ್ಷೆಗೆ ಬೀಪ್ ಸದ್ದನ್ನು ನಂಬುವುದನ್ನು ನಿಲ್ಲಿಸಿದ್ದೇವೆ, ಸೆಲ್ಫ್ ಹೊಡೆಯುವಾಗಲೇ ವೋಲ್ಟ್ ಅಳೆಯುತ್ತೇವೆ.

ಗೊಬ್ಬರದ ಮೂಟೆಗಳು ಕಣದ ಪಕ್ಕದ ಕೋಣೆಗೆ ಹೋಗಿವೆ. ಗೇರ್ ಬಿಗಿಯಾಗಿರುವ ದೂರು ಮಾತ್ರ ಉಳಿದಿತ್ತು. ಫೆಬ್ರುವರಿಯಲ್ಲಿ ಗೇರ್ ಕೇಬಲ್ ಬದಲಿಸಿದೆವು. ಹಳೆಯದನ್ನು ಸೀಳಿ ನೋಡಿದಾಗ ಉಕ್ಕಿನ ತಂತಿಯ ಸುತ್ತಲಿನ ಪ್ಲಾಸ್ಟಿಕ್ ಕರಗಿ ತಂತಿಗೇ ಅಂಟಿಕೊಂಡಿತ್ತು. ಪಟ್ಟಿಯಲ್ಲಿ ಜಾಗ ಸಾಲದೆ ಸೆಲ್ಫ್‌ನ ಕರೆಂಟು ಅಷ್ಟು ಬೆಳಗುಗಳಲ್ಲಿ ಈ ಕೇಬಲಿನ ಮೂಲಕವೂ ದಾರಿ ಹುಡುಕಿಕೊಂಡಿತ್ತು.